ರುಂಡ ಮುಂಡಗಳ ನಡುವಿನ ಇಲಾಸ್ಟಿಕ್

ಕೆಲವರಿಗೆ ತಮ್ಮ ಹವ್ಯಾಸವನ್ನು ಊರಿಗೆಲ್ಲ ಹೇಳದಿದ್ದರೆ ನಿದ್ದೆ ಬರುವುದಿಲ್ಲ. ನನಗೆ, ಯಾರಾದರೂ ಕೇಳಿಬಿಟ್ಟರೆ ನಿದ್ದೆ ಬರುವುದಿಲ್ಲ. ಮಸ್ಕಿಯಿಂದ ದಿನವೂ ಬಸ್ಸಿನಲ್ಲಿ ಲಿಂಗಸುಗೂರಿಗೆ ಹೋಗಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಾನು, ರಜೆಯಲ್ಲಿ ರಟ್ಟಿನ ಕೊಳವೆಯಿಂದ ಮೊಳದುದ್ದದ ರಾಕೆಟ್ಟು ಮಾಡುತ್ತೇನೆಂಬುದು ಮನೆಯ ಹೊರಗೆ ತಿಳಿಯದಂತೆ ನೋಡಿಕೊಂಡಿದ್ದೆ. ಆದರೆ ಮನೆಯೊಳಗೆ ಅಪ್ಪನ ಅಕ್ಕ, ನನ್ನ ಅತ್ತೆ, ಇದ್ದಾಳೆ.

ರಾಕೆಟ್ಟಿಗೆ ಏರುವುದು ಕಷ್ಟವಲ್ಲ, ಮರ್ಯಾದೆಯಿಂದ ಇಳಿಯುವುದು ಕಷ್ಟ. ಮೇಲೆ ಹೋದಮೇಲೆ ಒಳಗಿನ ಮದ್ದು ಇನ್ನೊಮ್ಮೆ ಸಿಡಿದು ತುದಿಯ ಚೂಪು ಮೂತಿಯನ್ನೂ ಪ್ಯಾರಾಚೂಟನ್ನೂ ಹೊರದಬ್ಬುತ್ತದೆ. ಆ ಹೊಡೆತಕ್ಕೆ ಮೂತಿ ಕಳಚಿ ಹೋಗದಂತೆ ಕೊಳವೆಗೆ ಕಟ್ಟಿಡುವ, ಎಳೆದರೆ ಹಿಗ್ಗುವ ದಾರವೇ ಶಾಕ್ ಕಾರ್ಡ್. ಹಿಂದಿನ ಸಲ ಅದು ಕಿತ್ತುಬಂದು, ಮೂತಿ ಪ್ಯಾರಾಚೂಟ್ ಹಿಡಿದು ಹಾಯಾಗಿ ತೇಲಿಹೋಯಿತು. ಕೊಳವೆ ನನ್ನ ಕಾಲ ಬಳಿ ಧೊಪ್ಪೆಂದಿತು.

“ರುಂಡ ಬಳಗಾನೂರಿಗೆ ಹೋತು, ಮುಂಡ ಮಸ್ಕ್ಯಾಗ ಉಳೀತು. ಓದಿದವ್ರ ಕೆಲಸ ಹಿಂಗ ನೋಡವಾ!” ಎಂದಳು ಅತ್ತೆ.

ಆ ಮದ್ದು ತುಂಬಿದ, ಒಂದೇ ಸಲ ಉರಿಯುವ ಎಂಜಿನ್ ಉಳಿದದ್ದು ಒಂದೇ. ಈ ಸಲವೂ ರುಂಡ ಹೋದರೆ, ನೆಂಟರ ಮದುವೆಗಳಲ್ಲಿ ಊಟದ ಪಂಕ್ತಿಗೆಲ್ಲ ನಾನೇ ಉಪ್ಪಿನಕಾಯಿ.

ರಾಕೆಟ್ಟಿನ ಬಿಡಿಭಾಗಗಳ ಕಿಟ್ಟಿನಲ್ಲಿ ಬಂದಿದ್ದ ರಬ್ಬರು ದಾರ ನಮ್ಮ ಬಿಸಿಲಿಗೆ ಪುಡಿಯಾಗಿತ್ತು. ಇಲಾಸ್ಟಿಕ್ ಕೇಳಲು ಅಂಗಡಿಗೆ ಹೋದೆ.

“ನಡಾ ಎಷ್ಟವ್ವಾ?” ಅಂಗಡಿಯವ ಸೊಂಟದ ಅಳತೆ ಕೇಳಿದ.

“ನಡಾ ಇಲ್ರೀ. ಒಂದು ಮಾರು ಕೊಡ್ರಿ ಸಾಕು.”

“ನಡಾ ಇಲ್ದವ್ರಿಗೆ ಏನ್ ಹೊಲೀತೀರವ್ವಾ?”

ದುಡ್ಡು ಕೊಟ್ಟು ಬಂದೆ. ಕಾಗದದ ಮಡಿಕೆಯಲ್ಲಿ ಇಲಾಸ್ಟಿಕ್ಕಿನ ತುದಿಯಿಟ್ಟು, ಗೋಂದು ಬಳಿದು, ಕೊಳವೆಯ ಒಳಗೋಡೆಗೆ ಬೆರಳಿಂದ ಒತ್ತಿ ಹಿಡಿದೆ. ಇನ್ನೊಂದು ತುದಿಯನ್ನು ಹೊಸದಾಗಿ ಮಾಡಿದ ಮೂತಿಗೂ ಪ್ಯಾರಾಚೂಟಿಗೂ ಗಂಟು ಹಾಕಿ ಒಣಗಲು ಬಿಟ್ಟೆ. ತಿರುಗಿ ಬರುವಷ್ಟರಲ್ಲಿ ರಾಕೆಟ್ಟಿನ ರೆಕ್ಕೆಯ ಮೇಲೆ ನನ್ನ ಹೆಸರೂ ಮೊಬೈಲ್ ನಂಬರೂ ದಪ್ಪ ಅಕ್ಷರದಲ್ಲಿ ಕೂತಿದ್ದವು.

“ಅತ್ತೀ, ಏನಿದು?”

“ಮನಿ ಬಿಟ್ಟು ಹೋಗೋ ಸಾಮಾನಿಗೆ ಹೆಸರು ಹಾಕ್ಬೇಕಬೇ. ಮದುವಿಗೆ ಕೊಟ್ಟ ಕೊಪ್ಪರಿಗಿ ಹೆಸರಿದ್ದದ್ದಕ್ಕ ಹೊಳ್ಳಿ ಬರಲಿಲ್ಲೇನು?”

ನಮ್ಮ ಮನೆಯ ಚಮಚೆಯ ಮೇಲೂ ಅಜ್ಜನ ಹೆಸರಿದೆ. ವಾದಿಸಿ ಪ್ರಯೋಜನವಿರಲಿಲ್ಲ.

ಭಾನುವಾರ ಬೆಳಿಗ್ಗೆ, ನೋಡಲು ಬಂದ ಅತ್ತೆಯ ಎದುರೇ, ಕೊಯ್ಲಾದ ಹೊಲದಿಂದ ರಾಕೆಟ್ಟು ಏರಿತು. ಮೂತಿ ಹೊರಬಿತ್ತು, ಇಲಾಸ್ಟಿಕ್ ಹಿಗ್ಗಿ ತಡೆಯಿತು, ಪ್ಯಾರಾಚೂಟ್ ಬಿಚ್ಚಿತು. ಎಂದೂ ದನಿಯೇರಿಸದ ನಾನು ಕೂಗಿಬಿಟ್ಟೆ. ಅಷ್ಟರಲ್ಲಿ ಗಾಳಿ ಬೀಸಿತು. ರುಂಡ ಮುಂಡಗಳು ಜೋಡಿಯಾಗಿ ರಸ್ತೆಯ ಕಡೆ ತೇಲಿ, ಕೈಮಾಡಿದವರಿಗಾಗಿ ನಿಂತಿದ್ದ ಮುದಗಲ್ ಬಸ್ಸಿನ ನೆತ್ತಿಯ ಮೇಲೆ ಇಳಿದವು. ಬಸ್ಸು ಹೊರಟುಹೋಯಿತು.

“ಟಿಕೀಟ್ ಸೈತ ತಗೀಲಿಲ್ಲ ನೋಡು,” ಎಂದಳು ಅತ್ತೆ.

ಮಧ್ಯಾಹ್ನ ಫೋನ್ ಬಂತು. “ಮೇಡಮ್ಮರೇನ್ರೀ? ಬಸ್ಸಿನ ಕಂಡಕ್ಟರ್ ಮಾತಾಡಾಕತ್ತೀನ್ರೀ. ನಿಮ್ಮದೊಂದು...”

ನನಗೆ ತಡೆಯಲಾಗಲಿಲ್ಲ. “ರುಂಡ ಮುಂಡ ಕೂಡೇ ಅದಾವೇನ್ರೀ?”

ಆ ಕಡೆಯಿಂದ ಸಣ್ಣ ದನಿಯಲ್ಲಿ, “ಯಾರದ್ರೀ ಯವ್ವಾ?”

ಸಂಜೆ ಬಸ್ಸು ತಿರುಗಿ ಬರುವಾಗ ಅವರು ರಾಕೆಟ್ಟು ಕೊಟ್ಟುಹೋದರು. ದಾರ ಅಲ್ಲಾಡಿರಲಿಲ್ಲ. ಅತ್ತೆ ಮಾತ್ರ ತಾನು ಹೆಸರು ಬರೆದದ್ದಕ್ಕೇ ಅದು ಬಂತೆಂದು ಎಲ್ಲರಿಗೂ ಹೇಳುತ್ತಾಳೆ.

ಮುದಗಲ್ ಬಸ್ಸು ಹೋಗುವುದು ಲಿಂಗಸುಗೂರಿನ ಮೇಲೆಯೇ; ನಾನು ದಿನವೂ ಕಾಲೇಜಿಗೆ ಹೋಗುವುದೂ ಅದೇ ಬಸ್ಸಿನಲ್ಲಿ. ಕಿಟಕಿಯ ಬದಿಗೆ ಯಾರಿಗೂ ಕಾಣದಂತೆ ಕೂತರೂ ಕಂಡಕ್ಟರ್ ಕೂಗುತ್ತಾರೆ: “ಮೇಡಂ, ಎಲ್ಲಾ ಕೂಡೇ ಅದಾವಲ್ರೀ ಇವತ್ತು?” ಇಡೀ ಬಸ್ಸು ತಿರುಗಿ ನೋಡುತ್ತದೆ. ನಾನು ತಲೆಯಾಡಿಸುತ್ತೇನೆ. ತಲೆ ಇದ್ದಲ್ಲೇ ಇದೆಯೆಂದು ಖಾತ್ರಿಯಾದ ಮೇಲೆ ಅವರು ಸೀಟಿ ಊದುತ್ತಾರೆ.