ಮುಂದಿನ ಗಾಡಿಯ ಹಿಂದೆ ನಮ್ಮ ಭಾವ

ನನ್ನ ಇಂಗ್ಲಿಷಿನ ಬಗ್ಗೆ ನನಗಿರುವಷ್ಟು ಗೌರವ ಚಿಕ್ಕಬಳ್ಳಾಪುರದಲ್ಲಿ ಬೇರೆ ಯಾರಿಗೂ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಲೇಜೊಂದರ ಕಚೇರಿಯಲ್ಲಿ ಗುಮಾಸ್ತನಾಗಿರುವ ನಾನು ಎರಡು ಸಾಲಿಗೆ ಮುಗಿಯುವ ರಜೆ ಅರ್ಜಿಯನ್ನೂ ಎರಡು ಪುಟಕ್ಕೆ ಎಳೆಯಬಲ್ಲೆ. ಹೀಗಾಗಿ ನೆಂಟರಿಷ್ಟರಲ್ಲಿ ಯಾರಿಗೆ ಸರ್ಕಾರದಿಂದ ‘ಇಲ್ಲ’ ಎಂಬ ಉತ್ತರ ಬಂದರೂ ಅವರು ಅದನ್ನು ಹಿಡಿದುಕೊಂಡು ನೇರವಾಗಿ ನಮ್ಮ ಮನೆಗೆ ಬರುತ್ತಾರೆ. ನಾನು ಕನ್ನಡಕ ಏರಿಸಿ, ಎಕ್ಸ್‌ರೇ ನೋಡುವ ಡಾಕ್ಟರರ ಹಾಗೆ ಕಾಗದವನ್ನು ಬೆಳಕಿಗೆ ಹಿಡಿದು ‘ಹೂಂ’ ಎನ್ನುತ್ತೇನೆ. ಆ ‘ಹೂಂ’ ಕೇಳಿಯೇ ಅರ್ಧ ಜನಕ್ಕೆ ಸಮಾಧಾನವಾಗಿಬಿಡುತ್ತದೆ.

ರತ್ನಕ್ಕನಿಗೆ ಆಗಲಿಲ್ಲ. ಅವಳ ಗಂಡ ಮುನಿರಾಜು ಭಾವ ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದವರು. ಆತಂಕದ ಕಾಯಿಲೆ ಎಂದು ಅವರನ್ನು ಅವಧಿಗೆ ಮುಂಚೆಯೇ ಮನೆಗೆ ಕಳಿಸಿದ್ದರು. ಅಂಥವರಿಗೆ ಸಿಗುವ ಪಿಂಚಣಿಗೆ ಅರ್ಜಿ ಹಾಕಿದರೆ, ‘ಕಾಯಿಲೆ ಇರುವುದು ನಿಜ, ಆದರೆ ಅದು ಸೇವೆಯಿಂದ ಬಂದದ್ದಲ್ಲ’ ಎಂದು ಉತ್ತರ ಬಂದಿತ್ತು. ನಾನು ಮೇಲ್ಮನವಿ ಬರೆದುಕೊಡಬೇಕಿತ್ತು.

“ಸೇವೆಯಿಂದ ಅಲ್ದೆ ನನ್ನಿಂದ ಬಂತಾ?” ಎಂದಳು ಅಕ್ಕ. “ಮದುವೆ ಆದಾಗ ಚೆನ್ನಾಗೇ ಇದ್ರು ಕಣೋ.”

“ಭಾವ, ನಿಮಗೆ ಆಗೋದಾದ್ರೂ ಏನು?” ಎಂದು ಕೇಳಿದೆ.

“ಏಮೀ ಲೇದಪ್ಪಾ” ಎಂದರು. ಚಿಂತಾಮಣಿಯ ಆಚೆ, ಮುರುಗಮಲ್ಲದ ಕಡೆಯವರು. ಮಾತು ಬೇಡವಾದಾಗ ತೆಲುಗಿಗೆ ಇಳಿಯುತ್ತಾರೆ. ಏನೂ ಇಲ್ಲವಂತೆ. ಏನೂ ಇಲ್ಲ ಎನ್ನುವ ಮನುಷ್ಯನ ಪರವಾಗಿ ಏನೋ ಇದೆ ಎಂದು ವಾದಿಸುವ ಕೆಲಸ ನನ್ನ ಪಾಲಿಗೆ ಬಂತು.

ಏನೋ ಇದೆ ಎಂಬುದಕ್ಕೆ ನಾನೇ ಸಾಕ್ಷಿ. ಒಮ್ಮೆ ಅವರ ಊರಿನಿಂದ ಅವರ ಬೈಕಿನ ಹಿಂದೆ ಕೂತು ಶಿಡ್ಲಘಟ್ಟಕ್ಕೆ ನಾಮಕರಣಕ್ಕೆ ಹೊರಟಿದ್ದೆ. ಚಿಂತಾಮಣಿ ದಾಟಿದ ಮೇಲೆ ಮುಂದೊಂದು ಟೊಮ್ಯಾಟೊ ಟೆಂಪೊ ಸಿಕ್ಕಿತು. ಭಾವ ಅದನ್ನು ಹಿಂದೆ ಹಾಕಲೂ ಇಲ್ಲ, ಬಿಡಲೂ ಇಲ್ಲ. ಶಿಡ್ಲಘಟ್ಟ ಬಂತು, ನಾಮಕರಣದ ಮನೆಯ ಶಾಮಿಯಾನ ಕಂಡಿತು, ಹೋಳಿಗೆಯ ವಾಸನೆಯೂ ಬಂತು. ಬೈಕು ನಿಲ್ಲಲಿಲ್ಲ. ನಾನು ಹಿಂದಿನಿಂದ ಬೆನ್ನು ತಟ್ಟುತ್ತಲೇ ಇದ್ದೆ. ಕೊನೆಗೆ ಚಿಕ್ಕಬಳ್ಳಾಪುರದ ಮಾರ್ಕೆಟ್ಟಿನಲ್ಲಿ ಟೆಂಪೊ ನಿಂತಿತು. ಡ್ರೈವರು ಇಳಿದು ಮೈ ಮುರಿದ ಮೇಲೆಯೇ ಭಾವ ಉಸಿರು ಬಿಟ್ಟು, “ಸರಿ, ಹೋಗಣ” ಎಂದರು. ಅಷ್ಟರಲ್ಲಿ ಆ ಡ್ರೈವರು ನಮ್ಮತ್ತಲೇ ಬಂದು, “ಯಾಕಣ್ಣ, ಆಗ್ಲಿಂದ ಹಿಂದೇನೇ ಬರ್ತಿದ್ದೀರ? ಆರ್‌ಟಿಒ ಕಡೆಯವರಾ?” ಎಂದು ಕೇಳಿದ. ವಾಪಸು ಹೋಗುವಷ್ಟರಲ್ಲಿ ಮಗುವಿಗೆ ಹೆಸರಿಟ್ಟಾಗಿತ್ತು, ಹೋಳಿಗೆ ಮುಗಿದಿತ್ತು.

ಮೇಲ್ಮನವಿ ಐದು ಪುಟಕ್ಕೆ ಬೆಳೆಯಿತು. ಆತಂಕಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಪದಗಳಿವೆಯೋ ಅಷ್ಟನ್ನೂ ಬಳಸಿದೆ. ಟೊಮ್ಯಾಟೊ ವಿಷಯ ಮಾತ್ರ ಬಿಟ್ಟೆ. ಅಷ್ಟು ಗಂಭೀರವಾದ ಬರವಣಿಗೆಯಲ್ಲಿ ತರಕಾರಿ ಬಂದರೆ ಚೆನ್ನಾಗಿರದು ಅನ್ನಿಸಿತು.

ಕೆಲವು ತಿಂಗಳ ನಂತರ ಬೆಂಗಳೂರಿಗೆ, ವೈದ್ಯರ ಮಂಡಳಿಯ ಮುಂದೆ ಬರುವಂತೆ ಕರೆ ಬಂತು. ಮೂವರೂ ರೈಲಿನಲ್ಲೇ ಹೋದೆವು, ರೈಲಿನ ಮುಂದೆ ಬೇರೆ ಗಾಡಿ ಕಾಣಿಸುವುದಿಲ್ಲವಲ್ಲ. ಒಳಗೆ ಸಮವಸ್ತ್ರದಲ್ಲಿದ್ದ ಹಿರಿಯ ಡಾಕ್ಟರಮ್ಮ ಹಿಂದಿಯಲ್ಲಿ ಹೇಗಿದ್ದೀರಿ ಎಂದು ಕೇಳಿದರು. ಭಾವ ಕಂಬದ ಹಾಗೆ ನಿಂತು, “ಚೆನ್ನಾಗಿದ್ದೀನಿ ಮೇಡಂ” ಎಂದರು. ನಿದ್ದೆ? ಚೆನ್ನಾಗಿದೆ. ಊಟ? ಚೆನ್ನಾಗಿದೆ. ನನ್ನ ಐದು ಪುಟಗಳು ಕಣ್ಣೆದುರೇ ನೀರುಪಾಲಾಗುತ್ತಿದ್ದವು. ಆಗ ಅವರು ಅಕ್ಕನನ್ನು ಕೇಳಿದರು. ಅವಳಿಗೆ ಹಿಂದಿ ಬಾರದು. ದುಭಾಷಿಯಾಗಿ ನಾನು ನಿಂತೆ.

“ನೆಂಟರ ಮನೆಗೆ ಅಂತ ಹೊರಟು ಟೊಮ್ಯಾಟೊ ಹಿಂದೆ ಹೋಗ್ತಾರೆ ಅಂತ ಹೇಳೋ” ಎಂದಳು ಅಕ್ಕ.

ಬೇರೆ ದಾರಿಯಿಲ್ಲದೆ ಟೆಂಪೊ ಕತೆಯನ್ನೆಲ್ಲ ಹೇಳಿದೆ. ಯಾರಾದರೂ ನಗುತ್ತಾರೆಂದು ತಲೆ ತಗ್ಗಿಸಿದೆ. ಯಾರೂ ನಗಲಿಲ್ಲ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ಭಾವನ ಕಡೆ ತಿರುಗಿ ಮೆಲ್ಲಗೆ ಕೇಳಿದರು: “ನಿಮ್ಮ ಮುಂದಿನ ಗಾಡಿಯಲ್ಲಿ ಯಾರಿದ್ದರು?”

ಭಾವ ಹಿಂದಿಯಲ್ಲಿ ಶುರುಮಾಡಿದರು. ಅವರ ಮಾತನ್ನು ಅಕ್ಕನಿಗೆ ಕನ್ನಡದಲ್ಲಿ ಹೇಳುವ ಕೆಲಸವೂ ನನ್ನದೇ ಆಯಿತು. “ಹಿಮದ ರಸ್ತೆಯಂತೆ ಅಕ್ಕಾ, ಪಕ್ಕದಲ್ಲೇ ಪ್ರಪಾತ. ಸಾಲಾಗಿ ಹೋಗ್ತಿದ್ರಂತೆ. ಮುಂದಿನ ಲಾರೀಲಿ ಬಲಬೀರ ಅಂತ ಇವರ ಗೆಳೆಯ. ತಿರುವಿನಲ್ಲಿ ಕೈ ಆಚೆ ಹಾಕಿ, ಬಾ ಅಂದನಂತೆ. ಇವರು ಗಾಜು ಒರೆಸೋಕೆ ಒಂದು ಗಳಿಗೆ ಕಣ್ಣು ತೆಗೆದ್ರಂತೆ. ಮತ್ತೆ ನೋಡಿದ್ರೆ... ರಸ್ತೆ ಇತ್ತಂತೆ, ಲಾರಿ ಇರಲಿಲ್ಲವಂತೆ.” ಅಲ್ಲಿಗೆ ನಾನು ನಿಲ್ಲಿಸಿದೆ. ಭಾವ ನಿಲ್ಲಿಸಲಿಲ್ಲ. ಅಷ್ಟು ಜನ ಅಧಿಕಾರಿಗಳ ಮುಂದೆ, ನೆಟ್ಟಗೆ ನಿಂತೇ, “ಭಯ ಆಗುತ್ತೆ ಮೇಡಂ. ಮುಂದೆ ಹೋಗೋರಿಂದ ಕಣ್ಣು ತೆಗೆಯೋಕೆ ಭಯ” ಎಂದರು.

“ಇದನ್ನ ಮನೇಲಿ ಹೇಳ್ಬಾರ್ದಾಗಿತ್ತಾ?” ಎಂದಳು ಅಕ್ಕ, ಸೆರಗಿನಲ್ಲಿ ಕಣ್ಣೊತ್ತಿಕೊಳ್ಳುತ್ತ.

“ಹೇಳಿದ್ರೆ ನೀನೂ ಭಯ ಬೀಳ್ತಿದ್ದೆ.”

“ನೀವು ಅಲ್ಲಿದ್ದಷ್ಟು ವರ್ಷ ನಾನು ಬೇರೇನು ಮಾಡ್ತಿದ್ದೆ ಅನ್ಕೊಂಡ್ರಿ?”

ಇದನ್ನು ಹಿಂದಿಗೆ ತಿರುಗಿಸಿ ಎಂದು ಯಾರೂ ನನ್ನನ್ನು ಕೇಳಲಿಲ್ಲ. ಎಲ್ಲರಿಗೂ ಅರ್ಥವಾದಂತಿತ್ತು.

ಆವತ್ತು ನಾನು ಭಾವನನ್ನು ಮೊದಲ ಸಲ ನೋಡಿದವನಂತೆ ನೋಡಿದೆ. ಶಿಡ್ಲಘಟ್ಟಕ್ಕೆ ರೇಷ್ಮೆಗೂಡು ಹೊತ್ತು ಹೋಗುವ ಆಟೊ, ಗೌರಿಬಿದನೂರಿನ ಜೋಳದ ಲಾರಿ, ಬಾಡಿಗೆ ಕಾರಿನಲ್ಲಿ ಮಲಗಿದ ಯಾರದೋ ಮಕ್ಕಳು, ಇವರೆಲ್ಲ ಕ್ಷೇಮವಾಗಿ ತಲುಪುವವರೆಗೆ ಹಿಂದೆ ಒಬ್ಬ ಮನುಷ್ಯ ರೆಪ್ಪೆ ಮುಚ್ಚದೆ ಕಾದಿದ್ದ. ಅವರಲ್ಲಿ ಯಾರಿಗೂ ಅದು ಗೊತ್ತಿಲ್ಲ. ನನಗೆ ಹೋಳಿಗೆ ತಪ್ಪಿದ್ದು ಮಾತ್ರ ಗೊತ್ತಿತ್ತು.

ಮೇಲ್ಮನವಿ ಮಂಜೂರಾಯಿತು; ಕಾಯಿಲೆ ಸೇವೆಯಿಂದಲೇ ಬಂದದ್ದೆಂದು ಒಪ್ಪಿಕೊಂಡರು. ಭಾವ ಈಗ ಚಿಕಿತ್ಸೆಗೂ ಹೋಗುತ್ತಾರೆ. ನೆಂಟರೆಲ್ಲ ನನ್ನ ಇಂಗ್ಲಿಷನ್ನು ಹೊಗಳಿದರು. ಅಲ್ಲ ಎಂದು ಹೇಳಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಇನ್ನೊಬ್ಬರು ಹೊಗಳಿದರು, ಮುಚ್ಚಿದೆ.

ಈಗ ಸುತ್ತಲಿನ ಮಾಜಿ ಸೈನಿಕರೂ ಬರುತ್ತಿದ್ದಾರೆ. ಕಾಗದವನ್ನು ಪಕ್ಕಕ್ಕಿಟ್ಟು, ಕಾಫಿ ಕೊಟ್ಟು, ಅವರಾಗಿ ಮಾತಾಡುವವರೆಗೆ ಬಾಯಿ ಬಿಡದೆ ಕೂರುತ್ತೇನೆ. ಒಂದು ವಾರ ಇದನ್ನು ನೋಡಿದ ನನ್ನ ಹೆಂಡತಿ ಅಕ್ಕನಿಗೆ ಫೋನು ಮಾಡಿದಳಂತೆ: “ಅತ್ತಿಗೆ, ಇವ್ರು ಗಂಟೆಗಟ್ಲೆ ಸುಮ್ನೆ ಕೂತಿರ್ತಾರೆ, ನಂಗ್ಯಾಕೋ ಭಯ. ಮುನಿರಾಜು ಅಣ್ಣ ತೋರಿಸ್ಕೊಳ್ತಾರಲ್ಲ, ಆ ಡಾಕ್ಟರ ನಂಬರ್ ಸ್ವಲ್ಪ ಕಳಿಸಿ.”