ಮೂರು ಗಂಟೆಯವರೆಗಿನ ಅಭ್ಯರ್ಥಿ

ಕ್ಷೇತ್ರ ಬುಡಕಟ್ಟು ಜನರಿಗೆ ಮೀಸಲಾದ ದಿನದಿಂದ ಕುರ್ಚಿಯಣ್ಣನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಇಪ್ಪತ್ತು ವರ್ಷ ಎಮ್ಮೆಲ್ಲೆಯಾಗಿ ಒಂದೇ ಕುರ್ಚಿ ಸವೆಸಿ ಆ ಹೆಸರು ಪಡೆದವರು. ಈಗ ತಾವು ನಿಲ್ಲುವಂತಿಲ್ಲ, ಬೇರೆಯವರನ್ನು ಗೆಲ್ಲಲು ಬಿಡುವಂತಿಲ್ಲ. ನಾಮಪತ್ರದ ಕೊನೆಯ ದಿನ ಬೆಳಿಗ್ಗೆ ಸರ್ಕಾರಿ ಕಚೇರಿಯೆದುರು ಜೀಪು ನಿಲ್ಲಿಸಿ, ಸ್ಟೂಲಿನ ಮೇಲೆ ಕೂತಿದ್ದ ಜವಾನನನ್ನು ಸಂತೆಯಲ್ಲಿ ಎತ್ತು ನೋಡಿದ ಹಾಗೆ ನೋಡಿದರು.

"ಕಾಡಂಚಿನ ಬುಡಕಟ್ಟಿನವನಲ್ವೇನೋ ನೀನು?"

"ಹೌದಣ್ಣ."

"ತಲೆ ಅಲ್ಲಾಡ್ಸು."

ಅಲ್ಲಾಡಿಸಿದ.

"ಸಲೀಸಾಗಿ ಅಲ್ಲಾಡುತ್ತೆ. ನೀನೇ ನಮ್ಮ ಅಭ್ಯರ್ಥಿ. ಮೂರು ಗಂಟೆ ಒಳಗೆ ನಾಮಪತ್ರ ಹಾಕ್ಬೇಕು."

ಕೊರಳಿಗೆ ಹಾರವೂ ಬಿತ್ತು. ಜವಾನ ಅದನ್ನು ಮುಟ್ಟಿ ಮುಟ್ಟಿ ನೋಡಿಕೊಂಡ. ತನ್ನೂರಿನ ಹಳ್ಳಕ್ಕೊಂದು ಕಾಲುಸೇತುವೆ ಬೇಕೆಂಬ ಅರ್ಜಿಯನ್ನು ಹನ್ನೆರಡು ವರ್ಷದಿಂದ ಮೇಜಿನಿಂದ ಮೇಜಿಗೆ ಹೊತ್ತವನೂ ಅವನೇ. ತಾನೇ ಎಮ್ಮೆಲ್ಲೆ ಆಗಿಬಿಟ್ಟರೆ? ತಲೆಗೆ ಹುಳ ಹೊಕ್ಕಿತು.

"ಸರ್ಕಾರಿ ನೌಕರ ಚುನಾವಣೆಗೆ ನಿಲ್ಲೋ ಹಾಗಿಲ್ಲ. ಮೊದ್ಲು ರಾಜೀನಾಮೆ ಬರಿ," ಎಂದರು ಹೆಡ್ ಕ್ಲರ್ಕು. ಕುಡಿಯುವ ನೀರಿಗೂ ಎಂದೂ ಎದ್ದಿರದ ಆಸಾಮಿ, ತಾವೇ ಎದ್ದು ಬಂದು ಪೆನ್ನು ಕೊಟ್ಟರು.

"ಮಂತ್ರಿ ಆದ್ಮೇಲೆ ನನ್ನ ವರ್ಗಾವಣೆ ಮರೀಬೇಡಪ್ಪ," ಎಂದಳು ಟೈಪಿಸ್ಟು.

ಫೋನಿನಲ್ಲಿ ಹೆಂಡತಿ, "ಈಗ ಹೆದರಿದ್ರೆ ಮನೆಗೆ ಬರ್ಲೇಬೇಡಿ!" ಎಂದಳು.

ಜವಾನ ರಾಜೀನಾಮೆ ಬರೆದು ಹೆಡ್ ಕ್ಲರ್ಕಿನ ಮೇಜಿನ ಮೇಲಿಟ್ಟ.

ಅಷ್ಟರಲ್ಲಿ ಕುರ್ಚಿಯಣ್ಣನ ವಕೀಲರು ಜಾತಿ ಪ್ರಮಾಣಪತ್ರ ಕೇಳಿದರು. ಊರಿನವರ ಪ್ರಮಾಣಪತ್ರವನ್ನೆಲ್ಲ ಹೊತ್ತವನ ಸ್ವಂತದ್ದನ್ನು ಗೆದ್ದಲು ತಿಂದು ವರ್ಷವಾಗಿತ್ತು. ಹೊಸದಕ್ಕೆ ಅರ್ಜಿ ಹಾಕಿದ. ಗುಮಾಸ್ತ ಒಂದೇ ನಿಮಿಷದಲ್ಲಿ ಕಡತ ಸಿದ್ಧಮಾಡಿದ. ಅದು ನಾಲ್ಕು ಮಾರು ದೂರದ ಹೆಡ್ ಕ್ಲರ್ಕಿನ ಮೇಜಿಗೆ ಹೋಗಬೇಕು. ಜವಾನ ಕೈ ಚಾಚಿದ.

"ಏಯ್, ಮುಟ್ಬೇಡ! ಹೊರಗಿನವರು ಕಡತ ಮುಟ್ಟೋ ಹಾಗಿಲ್ಲ."

"ಅಯ್ಯೋ, ನಾನೇ ಸ್ವಾಮಿ, ಜವಾನ!"

"ಆಗಿದ್ದೆ. ಈಗ ರಾಜೀನಾಮೆ ಬರೆದಿದ್ದೀಯ."

"ಹಾಗಾದ್ರೆ ನೀವೇ ದಾಟಿಸಿಬಿಡಿ."

"ನಾನು ಗುಮಾಸ್ತ. ಹೊರೋದು ಜವಾನನ ಕೆಲ್ಸ."

ಹನ್ನೆರಡಾಯಿತು, ಒಂದಾಯಿತು, ಎರಡೂ ಆಯಿತು. ಕಡತ ಕೆಸರಿಗಿಳಿದ ಎಮ್ಮೆಯಂತೆ ಅಲುಗಲೇ ಇಲ್ಲ. ಹೊರಗೆ ಜೀಪು ಒಂದೇ ಸಮ ಹಾರ್ನ್ ಹೊಡೆಯುತ್ತಿತ್ತು.

ಎರಡೂ ನಲವತ್ತಕ್ಕೆ ಜವಾನ ಸಾಹೇಬರ ಕೋಣೆಗೇ ನುಗ್ಗಿದ. ಸಾಹೇಬರು ಕನ್ನಡಕದ ಮೇಲಿನಿಂದ ನೋಡಿದರು.

"ರಾಜೀನಾಮೇನಾ? ನನ್ನ ಹತ್ರ ಬಂದೇ ಇಲ್ವಲ್ಲಯ್ಯ."

"ಹೆಂಗೆ ಬರುತ್ತೆ ಸ್ವಾಮಿ? ತರೋನು ನಾನೇ ಅಲ್ವಾ?"

"ನಾನು ಒಪ್ಪೋ ತನಕ ನೀನು ಜವಾನನೇ."

ಜವಾನನಿಗೆ ಹೋದ ಜೀವ ಬಂತು. ಜವಾನ ಅಂದಮೇಲೆ ಕಡತ ಮುಟ್ಟಬಹುದು! ಓಡಿದ, ಗುಮಾಸ್ತನಿಂದ ಹೆಡ್ ಕ್ಲರ್ಕಿಗೆ, ಹೆಡ್ ಕ್ಲರ್ಕಿನಿಂದ ಸಾಹೇಬರಿಗೆ. ಪ್ರಮಾಣಪತ್ರಕ್ಕೆ ಸಹಿ ಬಿತ್ತು. ಬಾಗಿಲು ದಾಟುವಾಗ ಹೊಳೆಯಿತು: ಜವಾನ ಅಂದಮೇಲೆ ಚುನಾವಣೆಗೆ ನಿಲ್ಲುವಂತಿಲ್ಲ! ಮತ್ತೆ ಓಡಿ ರಾಜೀನಾಮೆ ತಂದು ಸಾಹೇಬರ ಮುಂದಿಟ್ಟ. ಅವರು ಅದನ್ನು ಪೂರ್ತಿ ಓದಿ, ಒಂದು ಅಕ್ಷರ ತಿದ್ದಿ, ಪೆನ್ನೆತ್ತುವಷ್ಟರಲ್ಲಿ ಗಡಿಯಾರ ಮೂರು ಹೊಡೆಯಿತು. ಜೀಪು ಅದಾಗಲೇ ತಲೆಯಾಡಿಸುವ ಇನ್ನೊಬ್ಬನನ್ನು ಹತ್ತಿಸಿಕೊಂಡು ಹೋಗಿಯಾಗಿತ್ತು.

"ಇನ್ನು ಇದ್ಯಾಕೆ ನಿಂಗೆ?" ಸಾಹೇಬರು ರಾಜೀನಾಮೆಯನ್ನು ಹರಿದು ಬುಟ್ಟಿಗೆ ಹಾಕಿದರು. "ಹೋಗಿ ಕೂತ್ಕೋ."

ಜವಾನ ಸ್ಟೂಲಿನ ಮೇಲೆ ಕೂತು ಹಾರದಿಂದಲೇ ಬೆವರು ಒರೆಸಿಕೊಂಡ. ಸೇತುವೆ ಹೋದರೆ ಹೋಯಿತು, ಅನ್ನಕ್ಕೆ ದಾರಿ ಉಳಿಯಿತಲ್ಲ. ಅಷ್ಟರಲ್ಲಿ ಸಾಹೇಬರ ಕರೆಗಂಟೆ ಬಡಿಯಿತು.

"ತುರ್ತು ಕಾಗದ. ಹೆಡ್ ಕ್ಲರ್ಕಿಗೆ ಕೊಡು, ಓಡು!"

ಓಡಿದ. ಕೆಲಸ ಉಳಿದ ಹುರುಪಿನಲ್ಲಿ ಹಿಂದೆಂದೂ ಓಡದಷ್ಟು ಓಡಿದ. ಹೆಡ್ ಕ್ಲರ್ಕು ಮಡಿಕೆ ಬಿಚ್ಚಿ ಗಟ್ಟಿಯಾಗಿ ಓದಿದರು: "ಕೆಲಸದ ವೇಳೆಯಲ್ಲಿ ಹಾರ ಹಾಕಿಕೊಂಡು, ಒಂದು ಪಕ್ಷದ ಅಭ್ಯರ್ಥಿಯಾಗಿ ಓಡಾಡಿದ ಜವಾನನನ್ನು ಈ ಕಾಗದ ತಲುಪಿದ ಕ್ಷಣದಿಂದ ಅಮಾನತು ಮಾಡಲಾಗಿದೆ."

ಓದಿ, ಗಡಿಯಾರ ನೋಡಿ, ಮೆಚ್ಚುಗೆಯಿಂದ ತಲೆದೂಗಿದರು.

"ಭಲೇ! ಈ ಕಚೇರೀಲಿ ಇಷ್ಟು ಬೇಗ ತಲುಪಿದ ಕಾಗದ ಇದೊಂದೇ ಕಣಯ್ಯ."