ದಾರಿ ಹೇಳೂ ಫೋನು, ದಾರಿ ಹೇಳೂ ಮಂದಿ

ಕಣ್ಣಿದ್ದವರಿಗೆ ದಾರಿ ತಪ್ಪೂದು ಎಂದಾರ ಒಮ್ಮೆ. ನನಗ ದಿನಾ ತಪ್ಪತೈತಿ, ಅದೂ ದಾರಿ ಹೇಳೂ ಮಂದಿ ಹೆಚ್ಚಾಗಿ. ನಾ ಹುಟ್ಟಾ ಕುರುಡ. ಮನಿ ಶಹಾಪುರದಾಗ, ಗುಮಾಸ್ತಿಕಿ ಸುರಪುರದಾಗ. ಹೆಂಡ್ತಿ ದಿನಾ ಬಸ್ಸಿನಾಗ ಜೋಡಿ ಬಂದು, ಕೈಹಿಡದು ಕಚೇರಿಗೆ ಬಿಟ್ಟು ಹೋಗತಿದ್ಲು. ಮಧ್ಯಾಹ್ನದ ತನಕ ಆಕಿ ಹೊಲಿಗಿ ಮಷಿನ್ ಸುಮ್ನ ಕುಂತಿರತಿತ್ತು. ಅದು ನನಗ ಬಾಳ ಕೆಟ್ಟನಸತಿತ್ತು. ದಾರಿ ಹೇಳೂ ಫೋನ್ ತಂದೆ. "ಒಂದಿನ ಒಬ್ಬರೇ ಮುಟ್ಟಿ ತೋರಸ್ರಿ, ಆಮ್ಯಾಲ ನಾ ಬರಂಗಿಲ್ಲ" ಅಂದ್ಲು.

೧. ರೂಢಿ ಮಾಡಿಕೊಳ್ಳೂವಾಗ

ನಮ್ಮ ಓಣ್ಯಾಗ ಹೊಂಟಿದ್ದೆ. ಫೋನ್ ಹೆಣ್ಣದನ್ಯಾಗ "ಬಲಕ್ಕೆ ತಿರುಗಿ" ಅಂತು. ಚಹಾದಂಗಡಿ ಮುಂದ ಕುಂತ ಮುದುಕ, "ಬ್ಯಾಡಪಾ, ಅಲ್ಲಿ ಗಟಾರ ಅಗದಾರ, ಸೀದಾ ಹೋಗು" ಅಂದ. ಸೀದಾ ಹೋದೆ. "ಹಿಂದಕ್ಕೆ ತಿರುಗಿ" ಅಂತು ಫೋನ್. ತಿರುಗಿದೆ. ಮುದುಕ ಎದ್ದು ಬಂದು ಮತ್ತ ಸೀದಾ ನಿಲ್ಲಿಸಿದ. ಫೋನ್ ಮತ್ತ "ಹಿಂದಕ್ಕೆ ತಿರುಗಿ." ನಾ ಗಾಣದ ಎತ್ತಾದೆ. ಕಡೀಗೆ ಮುದುಕ ಫೋನಿಗೇ ಜಬರಿಸಿದ: "ಯವ್ವಾ, ಗಂಡನ್ನ ಹಿಂಗ ಬೀದ್ಯಾಗ ತಿರುಗಿಸಬಾರದು. ಜಗಳಿದ್ರ ಮನ್ಯಾಗ ಮುಗಿಸಿಕೊಳ್ರಿ."

೨. ಬಸ್ಸಿನ ಬೋರ್ಡು

ಬಸ್ ನಿಂತಿತ್ತು. ಬೋರ್ಡು ಓದಿ ಹೇಳಲಿ ಅಂತ ಫೋನ್ ಎತ್ತಿ ಹಿಡದೆ. "ಎದುರಿಗೆ ನಾಲ್ಕು ಜನ, ನಗುತ್ತಿದ್ದಾರೆ" ಅಂತು. ಬಾಜೂಕ ಸರದು ಹಿಡದೆ. "ಆರು ಜನ, ನಗುತ್ತಿದ್ದಾರೆ." ಇವರು ಯಾಕ ನಗತಾರ, ಯಾಕ ಹೆಚ್ಚಾಗತಾರ, ನನಗ ತಿಳೀಲಿಲ್ಲ.

"ತುಸು ಬಾಜೂಕ ಸರೀರಿ, ಬೋರ್ಡು ಬೇಕಾಗೇತಿ" ಅಂದೆ.

"ಬೋರ್ಡು ಎಲ್ಲಿ ಹೋಗತೈತ್ರಿ, ಮೊದಲ ನಮ್ಮ ಫೋಟೋ ತಗೀರಿ" ಅಂದ್ರು.

ಬೋರ್ಡು ಹೋತು, ಬಸ್ ಸಮೇತ. ಅವರಿಗೂ ಅದೇ ಬಸ್ ಬೇಕಾಗಿತ್ತು.

೩. ಪರೀಕ್ಷಾ ದಿನ

ಅಂತೂ ಒಬ್ಬನೇ ಸುರಪುರದಾಗ ಇಳದೆ. ಒಬ್ಬಾತ ಲಗೂನ ಬಂದು ಕೈ ಹಿಡದ. "ಬಿಡ್ರಿ, ಹೆಂಡ್ತಿ ಮಾತೈತಿ, ಒಬ್ಬನೇ ಮುಟ್ಟಬೇಕು" ಅಂದೆ. ಕೈ ಬಿಟ್ಟ. ಆದ್ರ ಮುಟ್ಟತೇನೋ ಇಲ್ಲೋ ನೋಡಾಕ ಬೆನ್ನ ಹತ್ತಿದ. ಕೇಳಿದವರಿಗೆಲ್ಲಾ ವಿಷಯ ಹೇಳಿದ. ಹಿಂದ ಚಪ್ಪಲಿ ಸಪ್ಪಳ ಹೆಚ್ಚಾಗಾಕತ್ತಿತು. "ಏ ಆಟೋ, ನಿಲ್ಲಸೋ, ಇವರು ಒಬ್ಬರೇ ಹೊಂಟಾರ!" ಅಂತ ಯಾರೋ ಒದರಿದ್ರು.

"ನೀವು ತಲುಪಿದ್ದೀರಿ" ಅಂತು ಫೋನ್. ಚಪ್ಪಾಳಿ ಬಿದ್ದವು. ಹೆಡ್ ಗುಮಾಸ್ತರು ಓಡಿಬಂದು, "ಧರಣಿ ಯಾವೂರದ್ರಿ? ಸಾಹೇಬ್ರು ಇನ್ನಾ ಬಂದಿಲ್ಲ" ಅಂದ್ರು.

ಅಷ್ಟರಾಗ ಹೆಂಡ್ತಿ ಫೋನ್ ಬಂತು. "ಖರೇನ ಒಬ್ಬರೇ ಮುಟ್ಟಿದ್ರೇನು?"

ನಾ ಬಾಯಿ ತಗಿಯೂಕಿಂತ ಮೊದಲ ಹಿಂದಿನವರು ಒದರಿದ್ರು: "ಒಬ್ಬರೇ ಬಂದಾರ ತಂಗಿ! ಬಸ್‌ಸ್ಟ್ಯಾಂಡಿನಿಂದ ನಾವೆಲ್ಲಾ ಜೋಡೀನೇ ಅದೀವಿ!"